ಕೋಟಿನ ಗುಂಡಿಗಳು

ಸದರ್‌ಲ್ಯಾಂಡಿನ ಜುಲೈ ಎಂದರೆ
ನಲ್ಲಿಯೊಳಗೆ ನೀರು ಕಲ್ಲಾಗುವ ತಿಂಗಳು.
ಎಂಟನೆಯ ತರಗತಿ, ಮೂರನೆಯ ಪಿರಿಯಡ್ಡು,
ಹೀಟರಿನ ಒಂದು ಕಡ್ಡಿ ಮಾತ್ರ ಕೆಂಪಗಿದೆ.
ಊರಾಚೆಯ ಗುಡ್ಡದ ಮೇಲೆ
ಯಾವುದೋ ಹಕ್ಕಿ ಮೊಟ್ಟೆಯಿಟ್ಟು ಮರೆತಂತೆ
ದೂರದರ್ಶಕಗಳ ಬಿಳಿ ಗುಮ್ಮಟ.
ದೇಶದೇಶದವರು ಬಂದು ನೋಡಿ ಹೋಗುವ ಆಕಾಶ
ನನ್ನ ಮಕ್ಕಳಿಗೆ ಬರೀ ಚಳಿ.

ಸೈಕಲ್ಲಿನ ಹಳೇ ಟ್ಯೂಬು ಸೀಳಿ ಪಟ್ಟಿ ಮಾಡಿದ್ದೆ,
ಉದ್ದಕ್ಕೂ ಬಿಳಿ ಬಣ್ಣದ ಆರು ಚುಕ್ಕಿ.
ಒಂದು ತುದಿ ಎಲ್ರಿಕೊ ಹಿಡಿದ, ಇನ್ನೊಂದು ರೋಜ್‌ಲಿನ್.
'ಎಳೆಯಿರಿ' ಅಂದೆ. ಎಳೆದರು.
'ಒಂದೊಂದು ಚುಕ್ಕಿ ಒಂದೊಂದು ಗ್ಯಾಲಕ್ಸಿ.
ಯಾವುದರ ಮೇಲೆ ನಿಂತು ನೋಡಿದರೂ
ಉಳಿದವೆಲ್ಲ ತನ್ನನ್ನೇ ಬಿಟ್ಟು ಹೊರಟಂತೆ ಕಾಣುತ್ತೆ,
ಹತ್ತಿರದ್ದು ನಿಧಾನ, ದೂರದ್ದು ಜೋರು.
ಯಾರೂ ಓಡುತ್ತಿಲ್ಲ; ನಡುವಿನ ಜಾಗವೇ ಹಿಗ್ಗುತ್ತಿದೆ.'
ಹನ್ನೊಂದು ವರ್ಷದಿಂದ ಇದೇ ಟ್ಯೂಬು, ಇದೇ ಮಾತು,
ಇದೇ ಜಾಗದಲ್ಲಿ ಒಂದು ಸಣ್ಣ ಮೌನ ಕೂಡ.

ಹಿಂದಿನ ಬೆಂಚಿನ ಜೆರೋಲ್ಡ್ ಯಾಂಚೀಸ್,
ಸಂಜೆ ಕುರಿ ಎಣಿಸುವ ಮನೆಯವನು,
ಕೈ ಎತ್ತದೆಯೇ ಕೇಳಿದ:
'ಜುಫ್ರೌ, ಚುಕ್ಕಿಯೂ ಹಿಗ್ಗಿತಲ್ಲ?'

ನೋಡಿದೆ. ಹೌದು. ದುಂಡಗಿದ್ದದ್ದು
ಅಕ್ಕಿಕಾಳಿನ ಹಾಗೆ ಉದ್ದಕ್ಕೆ ಎಳೆದಿದೆ.
'ಎಲ್ಲವೂ ಹಿಗ್ಗಿದರೆ ನಾನೂ ಹಿಗ್ಗಬೇಕು,
ಅಳೆಯೋ ಸ್ಕೇಲೂ ಹಿಗ್ಗಬೇಕು.
ಆಮೇಲೆ ಹಿಗ್ಗಿತು ಅಂತ ಗೊತ್ತಾಗೋದು ಯಾರಿಗೆ?'

ಹನ್ನೊಂದು ವರ್ಷ ಆ ಚುಕ್ಕಿಗಳನ್ನು ತೋರಿಸಿದ್ದೆ,
ಒಮ್ಮೆಯೂ ನೋಡಿರಲಿಲ್ಲ.
ಗಂಟೆ ಹೊಡೆಯಿತು. ದೇವರು ದೊಡ್ಡವನು.

ಆ ರಾತ್ರಿ ಅಡುಗೆಮನೆಯ ಮೇಜಿಗೆ ಕೂತು
ಎಳೆದೆ, ಬಿಟ್ಟೆ, ಎಳೆದೆ, ಬಿಟ್ಟೆ.
ಉತ್ತರ ಪುಸ್ತಕದಲ್ಲೇ ಇತ್ತು, ಪುಟದ ಅಡಿಗೆ,
ಪ್ರತಿ ವರ್ಷ ನಾನು ಹಾರಿಸುವ ಸಣ್ಣಕ್ಷರದಲ್ಲಿ.
ಮೈಮೇಲಿನ ಕೋಟು ಕಳಚಿದೆ.
ಅದರ ಆರೂ ಗುಂಡಿ ಕತ್ತರಿಸಿ
ಒಂದೊಂದನ್ನೂ ಒಂದೊಂದು ಹೊಲಿಗೆಯಲ್ಲಿ ರಬ್ಬರಿಗೆ ಹಾಕಿದೆ.

'ನಿನ್ನೆ ನಾನು ತೋರಿಸಿದ್ದು ಅರ್ಧ ತಪ್ಪು' ಅಂದೆ.
ನಿದ್ದೆಯಲ್ಲಿದ್ದವರೂ ತಲೆಯೆತ್ತಿದರು.
'ಎಳೆಯಿರಿ.'
ರಬ್ಬರು ಹಿಗ್ಗಿತು. ಗುಂಡಿ ಗುಂಡಿಯಷ್ಟೇ ಉಳಿಯಿತು,
ತನ್ನ ನಾಲ್ಕು ತೂತುಗಳನ್ನು ತಾನೇ ಕಾಯುತ್ತ.

'ತನ್ನನ್ನು ತಾನು ಬಿಗಿಹಿಡಿದದ್ದು ಹಿಗ್ಗುವುದಿಲ್ಲ:
ಕಲ್ಲು, ಕುರಿ, ಭೂಮಿ, ಸೂರ್ಯನ ಇಡೀ ಸಂಸಾರ.
ಹಿಡಿತ ಮುಟ್ಟದಷ್ಟು ದೂರದಲ್ಲಷ್ಟೇ
ಜಾಗ ಬೆಳೆಯುತ್ತೆ.'
'ಕೇಪ್‌ಟೌನು?' ರೋಜ್‌ಲಿನ್ ಕೇಳಿದಳು.
'ನಿನ್ನೆ ಎಷ್ಟು ದೂರವೋ ಇವತ್ತೂ ಅಷ್ಟೇ.'
ಅವಳಮ್ಮ ಅಲ್ಲಿ ಯಾರದೋ ಮಗು ಸಾಕುತ್ತಾಳೆ.
ತಲೆಯಾಡಿಸಿದಳು. ಸಮಾಧಾನವೋ ಅಲ್ಲವೋ
ನನಗೆ ತಿಳಿಯಲಿಲ್ಲ.

'ಈಗ ಹಿಂದಕ್ಕೆ ಹೋಗೋಣ.' ಪಟ್ಟಿ ಸಡಿಲಿಸಿ,
ಮಡಿಸಿ, ಮುದುಡಿ, ಮುಷ್ಟಿಯೊಳಗೆ ತುರುಕಿದೆ.
'ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ಹಿಂದಕ್ಕೆ.
ಎಲ್ಲ ಒತ್ತೊತ್ತಾಗಿ, ಹೇಳತೀರದ ಬಿಸಿ.'
ಬಿಸಿ ಅಂದಾಗ ಎಲ್ಲರೂ ಹೀಟರಿನ ಕಡೆ ನೋಡಿದರು.
'ಎಲ್ಲಾಯಿತು ಅದು?' ಮತ್ತೆ ಜೆರೋಲ್ಡ್.
'ಎಲ್ಲೋ ಒಂದು ಕಡೆ ಅಲ್ಲ. ಎಲ್ಲ ಕಡೆ. ಇಲ್ಲೂ.'
'ನಮ್ಮ ಕುರಿದೊಡ್ಡಿಯಲ್ಲೂ?'
ತರಗತಿ ನಕ್ಕಿತು. ನಾನು ನಗಲಿಲ್ಲ.
'ನಿಮ್ಮ ದೊಡ್ಡಿಯಲ್ಲೂ.'
ಅವನು ಏನೋ ಬರೆದುಕೊಂಡ,
ಈ ವರ್ಷ ಮೊದಲ ಸಲ.
'ಅದಕ್ಕೂ ಮುಂಚೆ?'
'ಗೊತ್ತಿಲ್ಲ ಮಗೂ. ಗುಡ್ಡದ ಮೇಲಿನವರಿಗೂ ಗೊತ್ತಿಲ್ಲ.'

ಎಲ್ರಿಕೊ ಇನ್ನೊಮ್ಮೆ ಎಳೆದ,
ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಾಗಿಲಾಚೆವರೆಗೂ.
ಟಪ್ಪೆಂದು ಹರಿಯಿತು. ಹೊಲಿಗೆ ಬಿಟ್ಟ ಗುಂಡಿಗಳು
ಬೆಂಚುಗಳಡಿ ಉರುಳಿದವು.
'ಹೀಗೂ ಮುಗಿಯುತ್ತಾ ಜುಫ್ರೌ?'
'ಹಾಗನ್ನುವವರೂ ಇದ್ದಾರೆ' ಎನ್ನುತ್ತ
ಮಂಡಿಯೂರಿ ಹುಡುಕಿದೆ.

ಐದು ಸಿಕ್ಕವು.
ಆಗಸ್ಟ್ ಬಂತು; ಕೊರಳ ಹತ್ತಿರ ಗುಂಡಿಯಿಲ್ಲದ ಕೋಟಿನೊಳಕ್ಕೆ
ಕರೂವಿನ ಗಾಳಿ ಕೇಳದೆಯೇ ಬರುತ್ತದೆ.
ಜೆರೋಲ್ಡ್ ದಿನವೂ ಕೂರುವ ಮುಂಚೆ
ಬೆಂಚಿನಡಿ ಒಮ್ಮೆ ಬಗ್ಗಿ ನೋಡುತ್ತಾನೆ.